ಉಸಿರಿಗೆ ಲೆಕ್ಕವಿಟ್ಟ ಕೃಷ್ಣಮಾಚಾರ್ಯರು

ಮೈಸೂರಿನ ಜಗನ್ಮೋಹನ ಅರಮನೆ ಹೆಚ್ಚಿನವರಿಗೆ ಪರಿಚಿತವಾಗಿರುವುದು ರವಿವರ್ಮನ ಚಿತ್ರಗಳಿಂದ. ಅದೇ ಅರಮನೆಯ ಆವರಣದಲ್ಲಿ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಒಂದು ಯೋಗಶಾಲೆ ಆರಂಭವಾಯಿತೆಂಬುದು ಬಹಳ ಮಂದಿಗೆ ತಿಳಿಯದು. ಹದಿನೇಳು ವರ್ಷಗಳ ನಂತರ ಅದರ ಬಾಗಿಲು ಮುಚ್ಚಿತು. ಅಷ್ಟರೊಳಗೆ ಅಲ್ಲಿ ಕಲಿತ ಹುಡುಗರಲ್ಲಿ ಇಬ್ಬರು, ಬಿ.ಕೆ.ಎಸ್. ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರು, ಮುಂದೆ ಯೋಗವನ್ನು ಜಗತ್ತಿನ ಮೂಲೆಮೂಲೆಗೆ ಒಯ್ದರು. ಇಬ್ಬರಿಗೂ ಗುರುವಾಗಿದ್ದವರು ತಿರುಮಲೈ ಕೃಷ್ಣಮಾಚಾರ್ಯರು.

ಇಂದು ಯೋಗವೆಂದೊಡನೆ ಕಣ್ಣೆದುರು ಬರುವ ಚಿತ್ರ, ಅಂದರೆ ತಲೆ ಕೆಳಗಾಗಿ ನಿಂತ ಶರೀರ, ಬಿಲ್ಲಿನಂತೆ ಬಾಗಿದ ಬೆನ್ನು, ಬಹುಮಟ್ಟಿಗೆ ಈ ಯೋಗಶಾಲೆಯಿಂದಲೇ ಹೊರಟದ್ದು. ಆದ್ದರಿಂದ ಕೃಷ್ಣಮಾಚಾರ್ಯರನ್ನು ಆಸನಗಳ ಆಚಾರ್ಯರೆಂದು ಕರೆಯುವುದು ರೂಢಿಯಾಗಿದೆ. ಅವರ ನೂರು ವರ್ಷಗಳ ಬದುಕನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಶರೀರವನ್ನು ಬಾಗಿಸುವುದು ಅವರಿಗೆ ಸಿದ್ಧತೆ ಮಾತ್ರವಾಗಿತ್ತು. ಅವರು ಕೊನೆಯ ದಿನದವರೆಗೂ ಬಿಡದೆ ಹಿಡಿದುಕೊಂಡದ್ದು, ಎಲ್ಲರಿಗೂ ಸುಲಭವಾಗಿ ಹೇಳಿಕೊಡದೆ ಕಾಪಾಡಿಕೊಂಡದ್ದು ಉಸಿರಿನ ವಿದ್ಯೆಯನ್ನು.

ಮುಚುಕುಂದಪುರದಿಂದ ಮಾನಸ ಸರೋವರಕ್ಕೆ

ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ತಂದೆ ಶ್ರೀನಿವಾಸ ತಾತಾಚಾರ್ಯರು ವೇದ ಪಂಡಿತರು, ತಾಯಿ ರಂಗನಾಯಕಮ್ಮ. ಒಂಬತ್ತನೆಯ ಶತಮಾನದ ಶ್ರೀವೈಷ್ಣವ ಆಚಾರ್ಯ ನಾಥಮುನಿಗಳ ವಂಶದವರೆಂಬ ಹೆಮ್ಮೆ ಆ ಮನೆತನಕ್ಕಿತ್ತು. ಐದು ವರ್ಷಕ್ಕೆ ಉಪನಯನವಾಯಿತು. ಯೋಗದ ಮೊದಲ ಪಾಠಗಳನ್ನು ಹೇಳಿಕೊಟ್ಟವರು ತಂದೆಯೇ. ಹತ್ತನೆಯ ವಯಸ್ಸಿನಲ್ಲಿ ಆ ತಂದೆಯನ್ನು ಕಳೆದುಕೊಂಡ ಮೇಲೆ ಕುಟುಂಬ ಮೈಸೂರಿಗೆ ಬಂತು. ಆಗ ಅಲ್ಲಿನ ಪರಕಾಲ ಮಠದ ಪೀಠದಲ್ಲಿದ್ದವರು ಅವರ ಹತ್ತಿರದ ಬಂಧುಗಳೇ ಆಗಿದ್ದರು. ಹುಡುಗನ ಶಾಸ್ತ್ರಾಭ್ಯಾಸ ಮಠದಲ್ಲಿಯೂ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿಯೂ ಮುಂದುವರಿಯಿತು.

ಮುಂದಿನ ಎರಡು ದಶಕಗಳು ಓದಿನಲ್ಲಿಯೇ ಕಳೆದವು. ಕಾಶಿಯಲ್ಲಿ ವ್ಯಾಕರಣ, ತರ್ಕ, ಮೀಮಾಂಸೆ, ಜೊತೆಗೆ ಆಯುರ್ವೇದ. ನಂತರ ಬರುವುದು ಅವರ ಜೀವನದ ಅತ್ಯಂತ ಪ್ರಸಿದ್ಧವಾದ ಮತ್ತು ಅತ್ಯಂತ ಕಡಿಮೆ ದಾಖಲೆಯುಳ್ಳ ಅಧ್ಯಾಯ. ಕಾಶಿಯ ವಿದ್ವಾಂಸರೊಬ್ಬರ ಸೂಚನೆಯಂತೆ ಅವರು ಹಿಮಾಲಯವನ್ನು ದಾಟಿ, ಮಾನಸ ಸರೋವರದ ಸಮೀಪ ಗುಹೆಯಲ್ಲಿ ಸಂಸಾರ ಸಮೇತರಾಗಿ ವಾಸಿಸುತ್ತಿದ್ದ ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುವಿನ ಬಳಿ ಏಳೂವರೆ ವರ್ಷ ಯೋಗಾಭ್ಯಾಸ ಮಾಡಿದರೆಂದು ಅವರೇ ಶಿಷ್ಯರಿಗೆ ಹೇಳುತ್ತಿದ್ದರು. ಈ ಕಥೆ ಬೇರೆ ಬೇರೆ ಶಿಷ್ಯರ ಬರಹಗಳಲ್ಲಿ ಬೇರೆ ಬೇರೆಯಾಗಿ ಬರುತ್ತದೆ. ಇಸವಿಗಳು ಒಂದಕ್ಕೊಂದು ಹೊಂದುವುದಿಲ್ಲ. ಸಂಶೋಧಕರು ಇದನ್ನು ಪ್ರಶ್ನಿಸಿದ್ದಾರೆ, ಭಕ್ತರು ನಂಬಿದ್ದಾರೆ. ಎಲ್ಲ ಆವೃತ್ತಿಗಳಲ್ಲಿಯೂ ಒಂದೇ ರೀತಿ ಉಳಿದಿರುವುದು ಗುರು ಕೇಳಿದ ದಕ್ಷಿಣೆ: ಊರಿಗೆ ಮರಳಬೇಕು, ಮದುವೆಯಾಗಬೇಕು, ಗೃಹಸ್ಥನಾಗಿದ್ದುಕೊಂಡು ಯೋಗವನ್ನು ಕಲಿಸಬೇಕು.

ಆ ದಕ್ಷಿಣೆಯ ಬೆಲೆ ಕಡಿಮೆಯದಾಗಿರಲಿಲ್ಲ. ಷಡ್ದರ್ಶನಗಳನ್ನು ಓದಿದ ಪಂಡಿತನಿಗೆ ಮಠದಲ್ಲಿ, ಪಾಠಶಾಲೆಯಲ್ಲಿ ಗೌರವದ ಸ್ಥಾನಗಳಿದ್ದವು. ಪರಕಾಲ ಮಠದ ಪೀಠವೇ ಅವರನ್ನು ಕರೆದಿತ್ತೆಂದೂ ಅವರು ಒಪ್ಪಲಿಲ್ಲವೆಂದೂ ಕುಟುಂಬದವರು ಹೇಳುತ್ತಾರೆ. ಯೋಗ ಕಲಿಸುವವನಿಗಾದರೋ ಆ ಕಾಲದಲ್ಲಿ ಅನ್ನವೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. 1925ರಲ್ಲಿ ನಾಮಗಿರಿಯಮ್ಮನವರನ್ನು ಕೈಹಿಡಿದ ಕೃಷ್ಣಮಾಚಾರ್ಯರು ಸಂಸಾರ ಸಾಗಿಸಲು ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಕರಾದರು. ಕಾಶಿಯ ಪದವಿಗಳನ್ನು ಪಡೆದ ಶ್ರೀವೈಷ್ಣವ ವಿದ್ವಾಂಸರು ಅರ್ಧ ಚಡ್ಡಿ, ಅರ್ಧ ತೋಳಿನ ಅಂಗಿ, ಕಾಲಿಗೆ ಬೂಟು, ತಲೆಗೆ ಟೋಪಿ ಧರಿಸಿ, ಕೈಯಲ್ಲಿ ಕೋಲು ಹಿಡಿದು ತೋಟದಲ್ಲಿ ತಿರುಗುತ್ತಿದ್ದರು. ಬಿಡುವಿನ ದಿನಗಳಲ್ಲಿ ಊರೂರಿಗೆ ಹೋಗಿ ಉಪನ್ಯಾಸ, ಪ್ರದರ್ಶನ. 1927ರಲ್ಲಿ ಹಾಸನದಲ್ಲಿ ಅಂಥದೊಂದು ಪ್ರದರ್ಶನವನ್ನು ನೋಡಿದ ಹನ್ನೆರಡು ವರ್ಷದ ಹುಡುಗನೊಬ್ಬ ಮರುದಿನವೇ ಅವರ ಮನೆಯ ಬಾಗಿಲು ತಟ್ಟಿದ. ಅವನೇ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸ್.

ಅರಮನೆಯ ದಿನಗಳು

ಮೂವತ್ತರ ದಶಕದ ಆರಂಭದಲ್ಲಿ ನಾಲ್ವಡಿಯವರ ಗಮನ ಈ ವಿದ್ವಾಂಸರ ಮೇಲೆ ಬಿತ್ತು. ಮೈಸೂರು ಅರಮನೆಗೆ ಯೋಗ ಹೊಸದೇನೂ ಆಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ವರ್ಣಚಿತ್ರಗಳಿವೆ. ಗರಡಿಯ ಸಾಮು, ಮಲ್ಲಯುದ್ಧ, ಪಾಶ್ಚಾತ್ಯ ಅಂಗಸಾಧನೆ ಎಲ್ಲಕ್ಕೂ ಅರಮನೆಯ ಪೋಷಣೆಯಿತ್ತು. ಈ ಎಲ್ಲದರ ಗಾಳಿ ಕೃಷ್ಣಮಾಚಾರ್ಯರ ಯೋಗಶಾಲೆಗೂ ಬೀಸಿತೆಂದು ಇತಿಹಾಸಕಾರರು ವಾದಿಸಿದ್ದಾರೆ, ವಾದದಲ್ಲಿ ಹುರುಳಿದೆ. ಅವರೆದುರು ಇದ್ದವರು ಹುಡುಗರು. ಹುಡುಗರನ್ನು ಕಣ್ಣು ಮುಚ್ಚಿ ಕುಳಿತುಕೊಳ್ಳಿರೆಂದರೆ ಕುಳಿತಾರೆಯೇ? ಅವರಿಗೆ ಜಿಗಿತ ಬೇಕು, ಬಾಗು ಬೇಕು. ಅರಮನೆಯ ಅತಿಥಿಗಳಿಗೆ ಪ್ರದರ್ಶನ ಬೇಕು.

ಆ ಪ್ರದರ್ಶನಗಳ ನಡುವೆಯೇ ಅವರು ಮಾಡಿದ ಒಂದು ಜೋಡಣೆ ಮಾತ್ರ ಗಮನಾರ್ಹ. ಪ್ರತಿ ಚಲನೆಯನ್ನೂ ಒಂದು ಉಸಿರಿಗೆ ಕಟ್ಟಿದರು. ಕೈ ಮೇಲೆತ್ತುವಾಗ ಪೂರಕ, ಅಂದರೆ ಉಸಿರನ್ನು ಒಳಗೆ ಎಳೆದುಕೊಳ್ಳುವುದು. ಮುಂದೆ ಬಾಗುವಾಗ ರೇಚಕ, ಅಂದರೆ ಹೊರಗೆ ಬಿಡುವುದು. ಎಷ್ಟು ಹೊತ್ತು ಉಸಿರು, ಅಷ್ಟೇ ಹೊತ್ತು ಚಲನೆ. ಇದಕ್ಕೆ ವಿನ್ಯಾಸವೆಂದು ಹೆಸರು. ಉಸಿರು ತಪ್ಪಿದರೆ ಆಸನ ಎಷ್ಟೇ ಸುಂದರವಾಗಿದ್ದರೂ ಅದು ಅವರ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 1934ರಲ್ಲಿ ಅವರು ಕನ್ನಡದಲ್ಲಿ ಬರೆದ ಯೋಗಮಕರಂದ, 1941ರ ಯೋಗಾಸನಗಳು, ಎರಡರಲ್ಲಿಯೂ ಈ ಕಟ್ಟುಪಾಡು ಕಾಣುತ್ತದೆ. ಆಧುನಿಕ ಯೋಗದ ಮೂಲಗ್ರಂಥಗಳಲ್ಲೊಂದೆಂದು ಜಗತ್ತು ಇಂದು ಎಣಿಸುವ ಪುಸ್ತಕ ಮೊದಲು ಕನ್ನಡದಲ್ಲಿ ಹೊರಬಂತೆಂಬುದನ್ನು ಕನ್ನಡಿಗರೇ ಮರೆತಿರುವುದು ವಿಷಾದದ ಸಂಗತಿ.

ಮನಸ್ಸನ್ನು ಶಾಂತಗೊಳಿಸುವ ವಿದ್ಯೆಯನ್ನು ಬಲ್ಲ ಈ ಗುರು ಸ್ವತಃ ಶಾಂತಮೂರ್ತಿಯಾಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಮೈಸೂರಿನ ದಿನಗಳಲ್ಲಿ ಅವರು ಎದುರಿನಿಂದ ಬರುತ್ತಿದ್ದರೆ ಜನ ಬೀದಿಯ ಆಚೆ ಬದಿಗೆ ಸರಿಯುತ್ತಿದ್ದರೆಂದು ಅವರ ಶಿಷ್ಯರೇ ನೆನೆದಿದ್ದಾರೆ. ಈ ಉಗ್ರತೆಯ ಬಿಸಿ ಹೆಚ್ಚಾಗಿ ತಟ್ಟಿದ್ದು ನಾಮಗಿರಿಯಮ್ಮನವರ ತಮ್ಮನಿಗೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಸುಂದರರಾಜ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ಜರ್ಜರಿತನಾಗಿದ್ದ ಹುಡುಗ. 1934ರಲ್ಲಿ ಭಾವನ ಮನೆ ಸೇರಿದ. ಆರಂಭದಲ್ಲಿ ಅವನಿಂದ ಏನೂ ಆಗದೆಂದು ಬಿಟ್ಟಿದ್ದ ಭಾವ, ಪ್ರದರ್ಶನಕ್ಕೆ ಶಿಷ್ಯನೊಬ್ಬ ಕಡಿಮೆಯಾದಾಗ ಅವನನ್ನು ಹಿಡಿದು ಕಲಿಸಿದರು. ಒಮ್ಮೆ ಸಭೆಯ ಮುಂದೆ ಅಭ್ಯಾಸವೇ ಇಲ್ಲದ ಹನುಮಾನಾಸನವನ್ನು ಮಾಡಿಸಿದ್ದರಿಂದ ಹುಡುಗನ ತೊಡೆಯ ಸ್ನಾಯು ಹರಿಯಿತು. ಬಹುಕಾಲ ಆ ನೋವನ್ನು ಹೊತ್ತು ನಡೆದ ಬಿ.ಕೆ.ಎಸ್. ಅಯ್ಯಂಗಾರ್ ಇದನ್ನು ಮುಂದೆ ಅನೇಕ ಬಾರಿ ಹೇಳಿಕೊಂಡರು.

ಶರೀರದ ವಿಷಯದಲ್ಲಿ ಅಷ್ಟು ಕಠೋರರಾಗಿದ್ದ ಅದೇ ಗುರು ಉಸಿರಿನ ವಿಷಯ ಬಂದಾಗ ತೋರಿದ್ದು ಬೇರೆಯದೇ ಮುಖ. 1937ರಲ್ಲಿ ಪುಣೆಗೆ ಹೋಗಿ ಅಧ್ಯಾಪಕರಾದ ಅಯ್ಯಂಗಾರ್ ನಲವತ್ತರ ದಶಕದ ಆರಂಭದಲ್ಲಿ ಮೈಸೂರಿಗೆ ಬಂದು ಪ್ರಾಣಾಯಾಮವನ್ನು ಕಲಿಸಿರೆಂದು ಬೇಡಿಕೊಂಡರು. ಕ್ಷಯದಿಂದ ದುರ್ಬಲವಾದ ಶ್ವಾಸಕೋಶವನ್ನು ಬಲ್ಲ ಭಾವ, ನೀನು ಅದಕ್ಕೆ ತಕ್ಕವನಲ್ಲವೆಂದು ಸಾರಾಸಗಟಾಗಿ ನಿರಾಕರಿಸಿದರು. ಮತ್ತೊಮ್ಮೆ ಬಂದಾಗ ಶಿಷ್ಯ ಕೇಳುವ ಧೈರ್ಯ ಮಾಡಲಿಲ್ಲ. ಬೆಳಗಿನ ಜಾವ ಗುರು ಪ್ರಾಣಾಯಾಮಕ್ಕೆ ಕುಳಿತಾಗ ಮರೆಯಲ್ಲಿ ನಿಂತು ಇಣುಕಿ ನೋಡಿದರು. ಮುಖದ ಸ್ನಾಯುಗಳು ಹೇಗೆ ಸಡಿಲವಾಗುತ್ತವೆ, ರೆಪ್ಪೆ ಹೇಗೆ ಇಳಿಯುತ್ತದೆ, ಎದೆ ಹೇಗೆ ಏಳುತ್ತದೆ ಎಂದು ಕಂಡಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಪುಣೆಗೆ ಮರಳಿ, ಒಬ್ಬರೇ ವರ್ಷಗಟ್ಟಲೆ ಒದ್ದಾಡಿದರು. ಕುಳಿತರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಬೆನ್ನು ಕುಸಿಯುತ್ತಿತ್ತು, ಮನಸ್ಸು ಕಲಕುತ್ತಿತ್ತು. ಆ ಒದ್ದಾಟದ ಫಲವಾಗಿ 1981ರಲ್ಲಿ ಅವರ ಪ್ರಾಣಾಯಾಮದ ಬೃಹತ್ ಗ್ರಂಥ ಇಂಗ್ಲಿಷಿನಲ್ಲಿ ಹೊರಬಂದಿತು. ಗುರು ಆಗ ಇನ್ನೂ ಜೀವಂತವಾಗಿದ್ದರು.

ಈ ನಿರಾಕರಣೆಯನ್ನು ಕ್ರೌರ್ಯವೆಂದು ಓದುವವರಿದ್ದಾರೆ. ತೊಡೆ ಹರಿದರೂ ಚಿಂತೆಯಿಲ್ಲದ ಮನುಷ್ಯನಿಗೆ ಶ್ವಾಸಕೋಶದ ಬಗ್ಗೆ ಏಕೆ ಇಷ್ಟು ಕಾಳಜಿ ಎಂದು ಕೇಳುವುದೂ ನ್ಯಾಯವೇ. ಹಠಯೋಗದ ಹಳೆಯ ಗ್ರಂಥಗಳು ಉಸಿರನ್ನು ಕಾಡುಪ್ರಾಣಿಯಂತೆ ಮೆಲ್ಲಮೆಲ್ಲನೆ ಪಳಗಿಸಬೇಕೆಂದೂ ಅವಸರ ಮಾಡಿದರೆ ಅದು ಸಾಧಕನನ್ನೇ ಕೊಂದೀತೆಂದೂ ಎಚ್ಚರಿಸುತ್ತವೆ. ಕೃಷ್ಣಮಾಚಾರ್ಯರು ಈ ಎಚ್ಚರಿಕೆಯನ್ನು ಅಕ್ಷರಶಃ ನಂಬಿದವರು. ಟಿ.ವಿ. ಪರದೆಯ ಮೇಲೆ ಏಕಕಾಲಕ್ಕೆ ಲಕ್ಷಾಂತರ ಜನರಿಗೆ ರಭಸದ ಉಸಿರಾಟವನ್ನು ಹೇಳಿಕೊಟ್ಟ ನಂತರದ ಕಾಲವನ್ನು ಅವರು ಕಂಡಿದ್ದರೆ ಏನೆನ್ನುತ್ತಿದ್ದರೋ ಊಹಿಸುವುದು ಕಷ್ಟವಲ್ಲ.

ಮಹಿಳೆಯರಿಗೂ ವಿದೇಶಿಯರಿಗೂ ಕಲಿಸಲು ಮೊದಲು ಒಪ್ಪದಿದ್ದ ಅವರು ಮಹಾರಾಜರ ಮಾತಿಗೆ ಕಟ್ಟುಬಿದ್ದು 1930ರ ದಶಕದ ಕೊನೆಯಲ್ಲಿ ರೀಗಾ ನಗರದಲ್ಲಿ ಹುಟ್ಟಿದ ಇಂದ್ರಾದೇವಿಯವರನ್ನು ಶಿಷ್ಯೆಯಾಗಿ ಸ್ವೀಕರಿಸಿದರು. ಕಠಿಣ ಪಥ್ಯ, ಕಠಿಣ ವೇಳಾಪಟ್ಟಿಗಳಿಂದ ಆಕೆ ಬೇಸತ್ತು ಹೊರಟುಹೋಗಲೆಂದು ಕಾದರು, ಆಕೆ ಹೋಗಲಿಲ್ಲ. ಕೊನೆಗೆ ಉಸಿರಿನ ಪಾಠವನ್ನೂ ಹೇಳಿಕೊಟ್ಟು, ಹೋದಲ್ಲೆಲ್ಲ ಕಲಿಸೆಂದು ಕಳುಹಿಸಿದರು. ಶಾಂಘೈಯಲ್ಲಿ, ಮುಂದೆ ಹಾಲಿವುಡ್‌ನಲ್ಲಿ ಆಕೆ ತೆರೆದ ಶಾಲೆಗಳ ಕಥೆ ಬೇರೆಯೇ ಇದೆ.

ಹೃದಯ ನಿಲ್ಲಿಸಿದರೇ?

ಕೃಷ್ಣಮಾಚಾರ್ಯರ ಹೆಸರಿನೊಂದಿಗೆ ಅಂಟಿಕೊಂಡಿರುವ ದೊಡ್ಡ ಪವಾಡದ ಮಾತನ್ನು ಇಲ್ಲಿ ಬಿಡಿಸಿ ನೋಡುವುದು ಒಳ್ಳೆಯದು. 1935ರಲ್ಲಿ ಫ್ರಾನ್ಸಿನ ಹೃದ್ರೋಗ ತಜ್ಞೆ ತೆರೇಸ್ ಬ್ರಾಸ್ ಇಸಿಜಿ ಯಂತ್ರವನ್ನು ಹೊತ್ತು ಭಾರತಕ್ಕೆ ಬಂದು ಯೋಗಿಗಳನ್ನು ಪರೀಕ್ಷಿಸಿದರು. ಪರೀಕ್ಷೆಗೆ ಒಳಗಾದವರಲ್ಲಿ ಕೃಷ್ಣಮಾಚಾರ್ಯರೂ ಒಬ್ಬರು. ಉಸಿರಿನ ನಿಗ್ರಹದಿಂದ ನಾಡಿ ಸಿಗದಂತಾಯಿತು, ಯಂತ್ರದ ಗೆರೆ ಬಹುಮಟ್ಟಿಗೆ ಇಳಿಯಿತು. ಹೃದಯವನ್ನೇ ನಿಲ್ಲಿಸಿದ ಯೋಗಿಯೆಂಬ ಖ್ಯಾತಿ ಹಬ್ಬಿತು.

ಇಪ್ಪತ್ತೆರಡು ವರ್ಷಗಳ ನಂತರ, 1957ರಲ್ಲಿ ಅಮೆರಿಕದ ವೆಂಗರ್ ಮತ್ತು ಬಾಗ್ಚಿ, ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಬಿ.ಕೆ. ಆನಂದ್ ಅವರೊಡನೆ ಸೇರಿ ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಅಷ್ಟರಲ್ಲಿ ಮದರಾಸಿನಲ್ಲಿ ನೆಲೆಸಿದ್ದ ಕೃಷ್ಣಮಾಚಾರ್ಯರು ಮತ್ತೊಮ್ಮೆ ಪರೀಕ್ಷೆಗೆ ಒಳಗಾದರು. 1961ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಹೃದಯ ನಿಲ್ಲುವುದಿಲ್ಲ. ಉಸಿರನ್ನು ಹಿಡಿದು ಎದೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಿಗಿದಾಗ ಎದೆಯೊಳಗಿನ ಒತ್ತಡ ಏರುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಬಡಿತದ ಸದ್ದು ಕೇಳದಂತೆ, ಮಣಿಕಟ್ಟಿನ ನಾಡಿ ಸಿಗದಂತೆ ಆಗುತ್ತದೆ. ಒಳಗೆ ಹೃದಯ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಪವಾಡ ಕರಗಿತು. ಉಸಿರಿನ ಮೂಲಕ ರಕ್ತಪರಿಚಲನೆಯ ಮೇಲೆ ಇಷ್ಟು ಹಿಡಿತ ಸಾಧ್ಯವೆಂಬ ಸಂಗತಿ ಉಳಿಯಿತು. ಈ ವಿದ್ಯೆಯನ್ನು ಮಗ ಕೇಳಿದಾಗ ಕೃಷ್ಣಮಾಚಾರ್ಯರು ಕಲಿಸಲು ಒಪ್ಪಲಿಲ್ಲ. ಅದರಿಂದ ಸಮಾಜಕ್ಕೆ ಯಾವ ಉಪಯೋಗವೂ ಇಲ್ಲ, ಅಹಂಕಾರ ಬೆಳೆಯುತ್ತದೆ ಅಷ್ಟೆ ಎಂಬುದು ಅವರ ನಿಲುವಾಗಿತ್ತು.

ಮದರಾಸಿನ ಮನೆ

1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯದ ನಂತರ ಸಂಸ್ಥಾನ ಹೋಗಿ ಸರ್ಕಾರ ಬಂದಾಗ ಯೋಗಶಾಲೆಯನ್ನು ಪೋಷಿಸುವ ಕೈ ಇಲ್ಲವಾಯಿತು. 1950ರಲ್ಲಿ ಅದು ಮುಚ್ಚಿತು. ಅರವತ್ತು ದಾಟಿದ ಕೃಷ್ಣಮಾಚಾರ್ಯರಿಗೆ ಕೆಲಸವಿರಲಿಲ್ಲ, ಮನೆಯಲ್ಲಿ ಇನ್ನೂ ಓದುವ ಮಕ್ಕಳಿದ್ದರು. ಎರಡು ವರ್ಷಗಳ ನಂತರ ಮದರಾಸಿನ ಕಾನೂನು ವಲಯದ ಗಣ್ಯರೊಬ್ಬರು ಪಾರ್ಶ್ವವಾಯು ಪೀಡಿತರಿಗೆ ಚಿಕಿತ್ಸೆ ನೀಡಲು ಕರೆಸಿಕೊಂಡರು. ಹೋದವರು ಅಲ್ಲಿಯೇ ನೆಲೆ ನಿಂತರು. ವಿವೇಕಾನಂದ ಕಾಲೇಜಿನಲ್ಲಿ ಕೆಲವು ಕಾಲ ಯೋಗ ಹೇಳಿಕೊಟ್ಟರು. ಉಳಿದದ್ದೆಲ್ಲ ಮನೆಯಲ್ಲಿಯೇ.

ನಮ್ಮ ದೃಷ್ಟಿಯಲ್ಲಿ ಕೃಷ್ಣಮಾಚಾರ್ಯರ ಬದುಕಿನ ಮುಖ್ಯ ಭಾಗ ಇದು. ಇಲ್ಲಿ ಸಭೆಯಿಲ್ಲ, ಪ್ರದರ್ಶನವಿಲ್ಲ. ಎದುರಿಗೆ ಬಂದು ಕುಳಿತವರು ಮಧ್ಯವಯಸ್ಸಿನ ಗುಮಾಸ್ತರು, ರಕ್ತದೊತ್ತಡದ ವಕೀಲರು, ಉಬ್ಬಸದ ಗೃಹಿಣಿಯರು, ನಿದ್ರೆ ಬಾರದವರು. ಜಿಗಿಯುವ ಶರೀರಗಳು ಇವರಲ್ಲಿರಲಿಲ್ಲ, ಉಸಿರು ಎಲ್ಲರಲ್ಲಿಯೂ ಇತ್ತು. ಒಬ್ಬೊಬ್ಬರನ್ನೇ ಬೇರೆಯಾಗಿ ಕೂರಿಸಿಕೊಂಡು, ಆಯುರ್ವೇದ ಬಲ್ಲವರಾದ್ದರಿಂದ ನಾಡಿ ನೋಡಿ, ಉಸಿರು ಎಲ್ಲಿ ತಡೆಯುತ್ತದೆಂದು ಗಮನಿಸಿ, ಅವರವರಿಗೆ ತಕ್ಕ ಅಭ್ಯಾಸವನ್ನು ಗೊತ್ತುಮಾಡುತ್ತಿದ್ದರು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಅನ್ವಯಿಸುತ್ತಿರಲಿಲ್ಲ.

ಅವರ ಪದ್ಧತಿಯ ತಿರುಳನ್ನು ಸರಳವಾಗಿ ಹೇಳಬಹುದು. ಆಯುರ್ವೇದದ ಬೃಂಹಣ, ಲಂಘನ ಎಂಬ ಎರಡು ಪದಗಳನ್ನು ಅವರು ಉಸಿರಿಗೆ ಅನ್ವಯಿಸಿದರು. ಪೂರಕಕ್ಕೆ ಒತ್ತು ಕೊಟ್ಟರೆ ಅದು ಪುಷ್ಟಿ ಕೊಡುವ ಬೃಂಹಣ. ಜಡತೆಯಿಂದ ಕುಗ್ಗಿದವರಿಗೆ ಅದು ಬೇಕು. ರೇಚಕವನ್ನು ದೀರ್ಘಗೊಳಿಸಿದರೆ ಅದು ಹಗುರಗೊಳಿಸುವ ಲಂಘನ. ಕಳವಳಗೊಂಡ ಮನಸ್ಸಿಗೆ ಅದೇ ಮದ್ದು. ಆರಂಭದಲ್ಲಿ ಒಳಗೆಳೆಯುವ, ಹೊರಬಿಡುವ ಕಾಲ ಸಮನಾಗಿರಬೇಕು. ಅದು ಸಲೀಸಾದ ಮೇಲೆ ಹೊರಬಿಡುವ ಕಾಲವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಎರಡರಷ್ಟಕ್ಕೆ ತರಬಹುದು. ಗಂಟಲನ್ನು ತುಸು ಕಿರಿದು ಮಾಡಿ ಮೆಲ್ಲನೆ ಸದ್ದು ಬರುವಂತೆ ಉಸಿರಾಡುವ ಉಜ್ಜಾಯಿ, ಮೂಗಿನ ಹೊಳ್ಳೆಗಳನ್ನು ಬದಲಿಸುತ್ತ ಉಸಿರಾಡುವ ನಾಡೀಶೋಧನ, ಇವೆಲ್ಲ ಆ ದೀರ್ಘತೆಯನ್ನು ಸಾಧಿಸುವ ಉಪಾಯಗಳು. ಉಸಿರನ್ನು ಒಳಗೆ ಹಿಡಿಯುವ ಕುಂಭಕ ಕೊನೆಯದು, ಅದೂ ಎಲ್ಲರಿಗಲ್ಲ. ಹೃದ್ರೋಗ, ಅಧಿಕ ರಕ್ತದೊತ್ತಡ ಇರುವವರು ಇಂದಿಗೂ ವೈದ್ಯರನ್ನು ಕೇಳದೆ ಕುಂಭಕದ ಗೊಡವೆಗೆ ಹೋಗಬಾರದು.

ಪತಂಜಲಿಯ ಯೋಗಸೂತ್ರಗಳ ಮೊದಲ ಪಾದದ 34ನೆಯ ಸೂತ್ರ, ಉಸಿರನ್ನು ಹೊರಬಿಡುವುದು ಮತ್ತು ತಡೆಯುವುದು ಚಿತ್ತವನ್ನು ತಿಳಿಗೊಳಿಸುವ ದಾರಿಗಳಲ್ಲೊಂದೆಂದು ಹೇಳುತ್ತದೆ. ಅಲ್ಲಿ ಹೊರಬಿಡುವ ಉಸಿರಿನ ಪ್ರಸ್ತಾಪ ಮೊದಲು ಬರುವುದು ಕಾಕತಾಳೀಯವೇನಲ್ಲ. ಇಂದಿನ ಶರೀರವಿಜ್ಞಾನವೂ ಅದರ ಹತ್ತಿರಕ್ಕೇ ಬಂದಿದೆ. ಉಸಿರನ್ನು ಒಳಗೆಳೆದಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಹೊರಬಿಟ್ಟಾಗ ನಿಧಾನವಾಗುತ್ತದೆ. ಈ ನಿಧಾನಕ್ಕೆ ಕಾರಣ ಮಿದುಳಿನಿಂದ ಎದೆ ಹೊಟ್ಟೆಗಳಿಗೆ ಇಳಿಯುವ ವೇಗಸ್ ನರ. ಸಾಮಾನ್ಯವಾಗಿ ವಯಸ್ಕರು ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. 2001ರಲ್ಲಿ ಇಟಲಿಯ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ ಯೋಗದ ಮಂತ್ರವಾಗಲಿ, ಪಠಿಸುವವರ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು, ರಕ್ತದೊತ್ತಡವನ್ನು ಹದದಲ್ಲಿಡುವ ದೇಹದ ಪ್ರತಿಕ್ರಿಯೆ ಉತ್ತಮಗೊಂಡದ್ದು ಕಂಡುಬಂತು. ಕೃಷ್ಣಮಾಚಾರ್ಯರು ಉಸಿರನ್ನು ಸೆಕೆಂಡುಗಳ ಬದಲು ಮಂತ್ರದಿಂದಲೇ ಅಳೆಯಿಸುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಮಂತ್ರದಲ್ಲಿ ನಂಬಿಕೆಯಿಲ್ಲದವರನ್ನು ಅವರು ಒತ್ತಾಯಿಸುತ್ತಿರಲಿಲ್ಲ. ತಮ್ಮ ಮಟ್ಟಿಗೆ ಮಾತ್ರ ಅವರು ಕಡೆಯವರೆಗೂ ನಿಷ್ಠಾವಂತ ಶ್ರೀವೈಷ್ಣವರೇ. ಉಸಿರನ್ನು ಹೊರಬಿಡುವುದು ಅವರಿಗೆ ಭಗವಂತನಲ್ಲಿ ಶರಣಾಗತಿ.

ಅರವತ್ತರ ದಶಕದ ಆರಂಭದ ಒಂದು ಬೆಳಗ್ಗೆ, ಇಂಜಿನಿಯರಿಂಗ್ ಪದವಿ ಮುಗಿಸಿ ಮನೆಗೆ ಬಂದಿದ್ದ ಮಗ ದೇಶಿಕಾಚಾರ್ ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದರು. ದೊಡ್ಡ ಕಾರೊಂದು ಬಂದು ನಿಂತಿತು. ಅದರಿಂದಿಳಿದ ನ್ಯೂಜಿಲೆಂಡಿನ ಮಧ್ಯವಯಸ್ಕ ಮಹಿಳೆಯೊಬ್ಬರು ಸಂತೋಷದಿಂದ ಕೂಗುತ್ತ ಓಡಿಬಂದು, ಮಡಿವಂತ ಅಯ್ಯಂಗಾರ್ ಪಂಡಿತರಾದ ಕೃಷ್ಣಮಾಚಾರ್ಯರನ್ನು ನಡುಬೀದಿಯಲ್ಲಿ ಅಪ್ಪಿಕೊಂಡರು. ಮಗನಿಗೆ ಗಾಬರಿ, ನಾಚಿಕೆ. ವಿಚಾರಿಸಿದಾಗ ತಿಳಿದದ್ದಿಷ್ಟು: ಬಹು ವರ್ಷಗಳಿಂದ ನಿದ್ರಾಹೀನತೆಯಿಂದ ಬಳಲುತ್ತಿದ್ದ ಆಕೆ ಹಿಂದಿನ ರಾತ್ರಿ ಮಾತ್ರೆಯಿಲ್ಲದೆ ಮೊದಲ ಬಾರಿಗೆ ನಿದ್ರೆ ಮಾಡಿದ್ದರು. ಇಂಗ್ಲಿಷ್ ಅಷ್ಟಾಗಿ ಬಾರದ ಮುದುಕರು, ಆಧುನಿಕ ವೈದ್ಯರಿಂದಾಗದ್ದನ್ನು ಮಾಡಿದ್ದರು. ಅಲ್ಲಿಯವರೆಗೆ ಯೋಗದತ್ತ ತಲೆಹಾಕದಿದ್ದ ದೇಶಿಕಾಚಾರ್ ಆ ದಿನವೇ ತಂದೆಯ ಶಿಷ್ಯರಾಗಲು ನಿಶ್ಚಯಿಸಿದರು. ತಂದೆ ಒಪ್ಪಿದ್ದು ಸುಲಭಕ್ಕಲ್ಲ; ಬೆಳಗಿನ ಜಾವ ಮೂರು ಗಂಟೆಗೆ ಪಾಠಕ್ಕೆ ಬರಬೇಕೆಂಬುದು ಮೊದಲ ಷರತ್ತು. ಮಗ ಎದ್ದು ಬಂದರು. ಜಿಡ್ಡು ಕೃಷ್ಣಮೂರ್ತಿಯವರಂಥವರು ಮುಂದೆ ಅವರಲ್ಲಿ ಯೋಗ ಕಲಿತರು. 1976ರಲ್ಲಿ ದೇಶಿಕಾಚಾರ್ ತಂದೆಯ ಹೆಸರಿನಲ್ಲಿ ಮದರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಸ್ಥಾಪಿಸಿದರು.

ಮೈಸೂರಿನ ಉಗ್ರ ಗುರುವನ್ನು ಬಲ್ಲ ಹಳೆಯ ಶಿಷ್ಯರಿಗೆ ಮದರಾಸಿನ ಈ ವೃದ್ಧರು ಬೇರೆಯೇ ಮನುಷ್ಯರಂತೆ ಕಂಡಿರಬೇಕು. ವಯಸ್ಸು ಮೆತ್ತಗೆ ಮಾಡಿತೋ, ಆಶ್ರಯ ತಪ್ಪಿದ ಕಷ್ಟ ಮೆತ್ತಗೆ ಮಾಡಿತೋ, ರೋಗಿಗಳ ಜೊತೆ ಕುಳಿತು ಅವರ ಉಸಿರಿಗೆ ಕಿವಿಗೊಟ್ಟ ಮೂರು ದಶಕಗಳು ಮೆತ್ತಗೆ ಮಾಡಿದವೋ ಹೇಳಲಾಗದು. ಒಂದಂತೂ ನಿಜ: ಹೆಂಗಸರಿಗೆ ಕಲಿಸಲಾರೆನೆಂದಿದ್ದವರು ಆ ಮನೆಯಲ್ಲಿ ಹೆಂಗಸರಿಗೆ ಯೋಗದ ಜೊತೆಗೆ ವೇದಪಠನವನ್ನೂ ಹೇಳಿಕೊಟ್ಟರು.

ತೊಂಬತ್ತಾರನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ ಮಾಡಬಹುದಾದ ಅಭ್ಯಾಸವೊಂದನ್ನು ತಮಗಾಗಿ ತಾವೇ ರೂಪಿಸಿಕೊಂಡರು. ಒಂದು ಕಾಲದಲ್ಲಿ ಅರಮನೆಯ ಅತಿಥಿಗಳ ಮುಂದೆ ಕಸರತ್ತು ತೋರಿದ ಶರೀರದಲ್ಲಿ ಈಗ ಕೈಯ ಕೆಲವು ಚಲನೆಗಳು, ಎಣಿಸಿದ ಉಸಿರು ಮತ್ತು ಮಂತ್ರಪಠನ ಉಳಿದಿದ್ದವು. ಶಿಷ್ಯರು ಪಾಠಕ್ಕೆ ಆ ಹಾಸಿಗೆಯ ಬಳಿಗೇ ಬರುತ್ತಿದ್ದರು. 1988ರಲ್ಲಿ ನೂರು ತುಂಬಿದ ಸಮಾರಂಭ ನಡೆಯಿತು. 1989ರ ಫೆಬ್ರವರಿ 28ರಂದು ಮದರಾಸಿನಲ್ಲಿ ಅವರು ನಿಧನರಾದರು. ಅದಕ್ಕೆ ಕೆಲವೇ ವಾರಗಳ ಹಿಂದಿನವರೆಗೂ ಪಾಠ ನಿಂತಿರಲಿಲ್ಲ.